ಗುದ್ದಿದ್ದು ಯಾರು ಅನ್ನೋದು ಆಮೇಲಿನ ಮಾತು

(ಒಬ್ಬರು ಮೈಸೂರಿನ ವಕೀಲರು. ಅವರ ಹತ್ತಿರ ಬರುವುದು ಹೆಚ್ಚಾಗಿ ಮೋಟಾರು ಅಪಘಾತ ಪರಿಹಾರದ ಕೇಸುಗಳು, ಓಡಾಟ ಕಾರಿನಲ್ಲಿ. ಇನ್ನೊಬ್ಬ ಅವರ ಹೆಂಡತಿಯ ತಮ್ಮ. ಕೆಲಸ ಬೆಂಗಳೂರಿನಲ್ಲಿ, ಊರಿಗೆ ಬರುವುದು ಬೈಕಿನಲ್ಲಿ. ಭಾನುವಾರದ ತಿಂಡಿ ಆಗಿದೆ, ಕಾಫಿ ಇನ್ನೂ ಬಂದಿಲ್ಲ.)

ಭಾಮೈದ: ನಿಮಗೇನು ಭಾವ, ಕೆಂಗೇರಿ ದಾಟಿದ್ರೆ ಆಯ್ತು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಶ್ರೀರಂಗಪಟ್ಟಣ. ನಾನು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಅಂತ ಒಂದೊಂದೇ ಊರು ಎಣಿಸ್ಕೊಂಡು ಸರ್ವೀಸ್ ರಸ್ತೇಲಿ ಬರಬೇಕು.

ಭಾವ: ಟೋಲ್ ಕೊಡೋದೂ ನಾನೇ ತಾನೇ?

ಭಾಮೈದ: ನನ್ನ ಹತ್ರಾನೂ ಟೋಲ್ ತಗೊಳ್ಳಲಿ, ರಸ್ತೆ ಕೊಡಲಿ. ಈ ಬೆಂಗಳೂರು-ಮೈಸೂರು ಹೆದ್ದಾರೀನ 2023ರ ಮಾರ್ಚಲ್ಲಿ ಉದ್ಘಾಟನೆ ಮಾಡಿದ್ರು, ಆಗಸ್ಟ್ 1ರಿಂದ ನಮ್ಮನ್ನ ಹೊರಗಿಟ್ರು. ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿ, ಎಲ್ಲಾ ಒಂದೇ ಪಟ್ಟೀಲಿ. ನನ್ನ ಗಾಡಿ ನೂರರಲ್ಲಿ ಅಲುಗಾಡದೆ ಓಡುತ್ತೆ. ನಲವತ್ತರಲ್ಲಿ ಏದುಸಿರು ಬಿಡೋ ಲಾರಿಗೆ ಒಳಗೆ ಜಾಗ ಇದೆ, ನನಗಿಲ್ಲ.

ಭಾವ: ಗಾಡಿ ಓಡುತ್ತೆ ಕಣಯ್ಯ, ಕಾನೂನು ಓಡಿಸೋದಕ್ಕೆ ಬಿಡಲ್ಲ. ಹೆದ್ದಾರೀಲೂ ದ್ವಿಚಕ್ರಕ್ಕೆ ಇರೋ ಮಿತಿ 80. ಕಾರಿನವನು ನೂರರಲ್ಲಿ ಬರ್ತಿರ್ತಾನೆ, ಕ್ಯಾಮೆರಾ ಇಲ್ಲದ ಕಡೆ ಇನ್ನೂ ಜಾಸ್ತಿ. ಹೆದ್ದಾರಿ ಪ್ರಾಧಿಕಾರದವರು ಕೊಟ್ಟ ಕಾರಣವೂ ಅದೇ, ವೇಗದ ವ್ಯತ್ಯಾಸ. ನಿನ್ನ ಎಂಜಿನ್ ಮೇಲೆ ಅವರಿಗೆ ಅನುಮಾನ ಇರ್ಲಿಲ್ಲ. ಹಿಂದಿನಿಂದ ತಾಗಿದ್ರೆ ಲಾರಿಗೆ ಬಂಪರ್ ಹೋಗುತ್ತೆ, ನಿನಗೆ ಬೆನ್ನುಮೂಳೆ.

ಭಾಮೈದ: ಸರಿ, ಹಾಗಾದ್ರೆ ನನ್ನನ್ನ ತಳ್ಳಿದ ಜಾಗ ನೋಡಿ. ಮೇಯ್ನ್ ರಸ್ತೇಲಿ ಬೇಲಿ ಇದೆ, ಎದುರಿಂದ ಯಾರೂ ಬರಲ್ಲ, ಅಡ್ಡ ಯಾರೂ ನುಗ್ಗಲ್ಲ. ಸರ್ವೀಸ್ ರಸ್ತೇಲಿ ಬಂಕಿನಿಂದ ಹೊರಗೆ ಬರೋರು, ಹೋಟೆಲ್ ಮುಂದೆ ರಿವರ್ಸ್ ತಗೊಳ್ಳೋರು, ರಾಂಗ್ ಸೈಡಲ್ಲಿ ಬರೋ ಗೂಡ್ಸ್ ಆಟೋ. ಕಬ್ಬು ಕಡಿಯೋ ಕಾಲದಲ್ಲಿ ಮಂಡ್ಯ ಕಡೆ ರಾತ್ರಿ ಒಂದ್ಸಲ ಬನ್ನಿ. ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿರ್ತಾರೆ. ಹಿಂದೆ ಲೈಟಿಲ್ಲ. ರಿಫ್ಲೆಕ್ಟರ್ ಅಂಟಿಸಿದ್ರೂ ಕಬ್ಬಿನ ಸೋಗೆ ಅದರ ಮೇಲೇ ಇಳಿಬಿದ್ದಿರುತ್ತೆ. ಹತ್ತಿರ ಹೋಗೋವರೆಗೂ ಅದು ಕತ್ತಲೋ ಕಬ್ಬೋ ಗೊತ್ತಾಗಲ್ಲ.

ಭಾವ: ಅದನ್ನ ಒಪ್ತೀನಿ. ವೇಗದ ವ್ಯತ್ಯಾಸ ತಪ್ಪಿಸೋದಕ್ಕೆ ಅಂತ ಬೈಕನ್ನ ಹೊರಗೆ ಹಾಕಿ, ಟ್ರ್ಯಾಕ್ಟರ್ ಜೊತೆ ಸೇರಿಸಿದ್ರು. ಅಲ್ಲೂ ವ್ಯತ್ಯಾಸ ಇದ್ದೇ ಇದೆ.

ಭಾಮೈದ: ನಿನ್ನೆ ಮದ್ದೂರಿನ ಹತ್ತಿರ ಒಬ್ಬ ಕಾರಿನವನು ಹೋಟೆಲಿನಿಂದ ಹೊರಗೆ ಬಂದ. ನಿಲ್ಲಿಸಿದ. ಬಲಕ್ಕೆ ನೋಡಿದ, ನನ್ನ ಕಡೆಗೇ ನೋಡಿದ ಭಾವ, ಮುಖ ಕಾಣ್ತಿತ್ತು. ನೋಡಿ ಆದ್ಮೇಲೆ ಗಾಡಿ ಎತ್ತಿದ. ಎರಡೂ ಬ್ರೇಕ್ ಒತ್ತಿ ನಿಲ್ಲಿಸ್ಕೊಂಡೆ. ಗಾಜು ಇಳಿಸಿ ಹೇಳ್ತಾನೆ, 'ಕಾಣ್ಲೇ ಇಲ್ಲ ಗುರು' ಅಂತ.

ಭಾವ: ಸುಳ್ಳು ಹೇಳಿರಲಿಕ್ಕಿಲ್ಲ.

ಭಾಮೈದ: ನನಗೂ ಗೊತ್ತು. ಅದೇ ಕೋಪ. ಸುಳ್ಳು ಹೇಳಿದ್ರೆ ಬೈದು ಮುಂದಕ್ಕೆ ಹೋಗಬಹುದಿತ್ತು. ನಿಮಗೆ ಇದರ ಲೆಕ್ಕ ಹೇಳ್ಬೇಕು. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನೋ ಸಂಶೋಧಕರು ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿದ್ರು, ವರದಿ ಬಂದಿದ್ದು 1981ರಲ್ಲಿ. ಬೇರೆ ಗಾಡಿ ಸೇರಿದ್ದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಬೈಕಿಗೆ ಬಿಡಬೇಕಾದ ದಾರಿಗೆ ಆ ಗಾಡಿಯವನೇ ಅಡ್ಡ ಬಂದಿದ್ದ. ಹೆಚ್ಚಿನವರ ಉತ್ತರ ಮದ್ದೂರಿನವನ ಉತ್ತರವೇ.

ಭಾವ: ನೋಡಿಯೂ ಕಾಣದೆ ಇರೋದು ಹೇಗೆ ಅಂತ ನ್ಯಾಯಾಧೀಶರು ಕೇಳ್ತಾರೆ. ಏನು ಹೇಳ್ಲಿ?

ಭಾಮೈದ: ಕಾರಲ್ಲಿ ಮುಂದಿನ ಗಾಜಿನ ಪಕ್ಕ ಒಂದು ಕಂಬ ಇರುತ್ತಲ್ಲ, ಗಾಜನ್ನೂ ಚಾವಣೀನೂ ಹಿಡಿದಿರೋದು. ಗಾಡಿ ಮಗುಚಿದ್ರೆ ಜಜ್ಜಿಹೋಗಬಾರದು ಅಂತ ಈಗಿನ ಕಾರುಗಳಲ್ಲಿ ಅದು ದಪ್ಪ. ಡ್ರೈವರಿನ ಬಲಗಡೆ ಕಂಬ ಕಣ್ಣಿಗೆ ತೀರಾ ಹತ್ತಿರ. ಸ್ವಲ್ಪ ದೂರದಲ್ಲಿರೋ ಬೈಕು, ಸವಾರ ಸಮೇತ ಅದರ ಹಿಂದೆ ಅಡಗಿಬಿಡುತ್ತೆ. ಇದರಲ್ಲೊಂದು ಘೋರ ಇದೆ. ಕಾರು ನಿಧಾನವಾಗಿ ಮುಂದಕ್ಕೆ ಬರ್ತಿದೆ, ಬೈಕು ಪಕ್ಕದಿಂದ ಬರ್ತಿದೆ, ಇಬ್ಬರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ತಲುಪೋ ಹಾಗೆ ಬರ್ತಿದ್ರೆ, ಬೈಕು ಕಂಬದ ಮರೆಯಿಂದ ಆಚೆ ಬರೋದೇ ಇಲ್ಲ. ಕಂಬದ ಹಿಂದೇನೇ ದೊಡ್ಡದಾಗ್ತಾ ಬರುತ್ತೆ. ಗುದ್ದೋ ದಾರೀಲಿ ಇರೋದೇ ಕಾಣಲ್ಲ, ತಪ್ಪಿಸಿಕೊಂಡು ಹೋಗೋದು ಕಾಣುತ್ತೆ.

ಭಾವ: ತಲೆ ಅಲ್ಲಾಡಿಸಬೇಕು ಹಾಗಾದ್ರೆ.

ಭಾಮೈದ: ಕತ್ತು ಮಾತ್ರ ತಿರುಗಿಸಿದ್ರೆ ಸಾಲದು. ಸೀಟಲ್ಲೇ ಒಂದು ಗೇಣು ಮುಂದೆ ಬಗ್ಗಬೇಕು, ಆಮೇಲೆ ಹಿಂದೆ ಬರಬೇಕು. ಎರಡನೇ ಸಲ ನೋಡಬೇಕು. ನಿಮ್ಮ ಕಾರಲ್ಲಿ ಆ ಕಂಬದ ಪಕ್ಕಕ್ಕೇ ಮೊಬೈಲ್ ಸ್ಟ್ಯಾಂಡ್ ಬೇರೆ ಅಂಟಿಸಿದ್ದೀರಿ.

ಭಾವ: ಅದು ನಿಮ್ಮಕ್ಕ ಅಂಟಿಸಿದ್ದು.

ಭಾಮೈದ: ಇನ್ನೊಂದಿದೆ. ಎರಡು ಗಾಡಿ ಒಂದೇ ವೇಗದಲ್ಲಿ, ಒಂದೇ ದೂರದಿಂದ ಬರ್ತಿದ್ರೂ, ದೊಡ್ಡದು ಬೇಗ ಬಂದುಬಿಡುತ್ತೆ, ಚಿಕ್ಕದು ಇನ್ನೂ ದೂರ ಇದೆ ಅಂತ ಕಣ್ಣಿಗೆ ಅನ್ನಿಸುತ್ತೆ. ಬಸ್ಸು ಕಂಡ್ರೆ ನೀವು ನಿಲ್ತೀರಿ. ಬೈಕು ಕಂಡ್ರೆ 'ಹೋಗಿಬಿಡೋಣ' ಅಂತೀರಿ. ರಾತ್ರಿ ಹೊತ್ತು ಒಂಟಿ ದೀಪ, ದೂರವೇ ಗೊತ್ತಾಗಲ್ಲ. 2017ರ ಏಪ್ರಿಲಿಂದ ಬರ್ತಿರೋ ಬೈಕುಗಳಲ್ಲಿ ಹಗಲೂ ಹೆಡ್‌ಲೈಟ್ ಉರೀತಾನೇ ಇರುತ್ತೆ. ಅದು ಇದಕ್ಕೇ ಮಾಡಿದ್ದು. ಈಗಲೂ ಎದುರಿಗೆ ಬರೋರು 'ಲೈಟ್ ಆಫ್ ಮಾಡಿಲ್ಲ' ಅಂತ ಕೈಸನ್ನೆ ಮಾಡ್ತಾರೆ, ಪಾಪ.

ಭಾವ: ಇಷ್ಟೆಲ್ಲಾ ಗೊತ್ತಿರೋನು ಮದ್ದೂರಲ್ಲಿ ಎಷ್ಟರಲ್ಲಿ ಬರ್ತಿದ್ದೆ?

ಭಾಮೈದ: ಅರವತ್ತು ಇದ್ದಿರಬಹುದು.

ಭಾವ: ಅರವತ್ತು ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಕಣ್ಣು ನೋಡಿ, ಕೈ ಬ್ರೇಕ್ ಹಿಡಿಯೋದ್ರೊಳಗೆ ಒಂದು ಬಿಎಂಟಿಸಿ ಬಸ್ಸಿನ ಉದ್ದ ದಾಟಿ ಹೋಗಿರ್ತೀಯ. ಹೋಟೆಲ್ ಬಾಗಿಲಲ್ಲಿ ಕಾರು ಮೂತಿ ಹಾಕಿ ನಿಂತಿದೆ ಅಂತ ಕಂಡಾಗಲೇ ಆಕ್ಸಿಲರೇಟರ್ ಬಿಟ್ಟಿದ್ರೆ? ಅವನ ಕಣ್ಣಿಗೆ ಕಂಬ ಅಡ್ಡ ಇತ್ತು. ನಿನ್ನ ಕಣ್ಣಿಗೆ ಏನಿತ್ತು?

ಭಾಮೈದ: ದಾರಿ ನನ್ನದು ಭಾವ.

ಭಾವ: ನಿನ್ನದೇ. ಕೋರ್ಟಲ್ಲಿ ನಾನೂ ಹಾಗೇ ವಾದ ಮಾಡ್ತೀನಿ, ಗೆಲ್ತೀನಿ ಕೂಡ. ಎಷ್ಟೋ ಸಲ ಗೆದ್ದ ಚೆಕ್ಕನ್ನ ಹೆಂಡತಿ ಕೈಗೆ ಕೊಟ್ಟಿದ್ದೀನಿ, ಸಹಿ ಹಾಕೋದಕ್ಕೆ ಗಂಡ ಇರ್ಲಿಲ್ಲ.

(ಕಾಫಿ ಬಂತು. ತಂದವರು ಅಲ್ಲೇ ಕುಳಿತರು.)

ಭಾಮೈದ: ಹಾಗಾದ್ರೆ ತಪ್ಪು ನನ್ನದಾ?

ಭಾವ: ತಪ್ಪು ಯಾರದು ಅನ್ನೋದನ್ನ ಹೇಗೆ ತೀರ್ಮಾನ ಮಾಡ್ತಾರೆ ಅಂತ ಹೇಳ್ತೀನಿ ಕೇಳು. ಮೊದಲು ರಸ್ತೆ ಬದಿ ಕೋರ್ಟು. ಅಲ್ಲಿ ತೀರ್ಪು ಎರಡು ನಿಮಿಷಕ್ಕೆ. ಲಾರಿಗೂ ಕಾರಿಗೂ ಆದ್ರೆ ಲಾರಿದು, ಕಾರಿಗೂ ಬೈಕಿಗೂ ಆದ್ರೆ ಕಾರಿದು, ಬೈಕಿಗೂ ಸೈಕಲಿಗೂ ಆದ್ರೆ ಬೈಕಿದು. ಆಮೇಲೆ ಪೊಲೀಸ್ ಠಾಣೆ. ದೂರಿನಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು' ಅನ್ನೋ ಸಾಲು ಇರ್ಲೇಬೇಕು. ಎತ್ತಿನಗಾಡಿ ಗುದ್ದಿದ್ರೂ ಅತಿವೇಗವೇ. ಆಮೇಲೆ ಮೋಟಾರು ವಾಹನ ನಿರೀಕ್ಷಕರ ವರದಿ. ಹೆಡ್‌ಲೈಟ್ ಒಡೆದಿದೆ, ಫೋರ್ಕ್ ಬಗ್ಗಿದೆ, ಟ್ಯಾಂಕಿಗೆ ಎಡಗಡೆ ನೆಗ್ಗು ಬಿದ್ದಿದೆ, ಅಂತ ಪಟ್ಟಿ. ಕೊನೇಲಿ ಒಂದು ಸಾಲು: ಅಪಘಾತವು ವಾಹನದ ಯಾವುದೇ ಯಾಂತ್ರಿಕ ದೋಷದಿಂದ ಆಗಿರುವುದಿಲ್ಲ. ಫೈಲ್ ಮೇಲೆ ಫೈಲ್ ಬಿಚ್ಚು, ಆ ಸಾಲು ಬದಲಾಗೋದು ಕಾಣೆ. ಗಾಡಿ ಸರಿಯಾಗಿತ್ತು, ಬ್ರೇಕ್ ಸರಿಯಾಗಿತ್ತು. ಮೇಲೆ ಕೂತಿದ್ದವರ ಮಾತು ಮಾತ್ರ ಉಳಿಯುತ್ತೆ.

ಭಾಮೈದ: ಟ್ರಿಬ್ಯೂನಲ್ ಏನು ಮಾಡುತ್ತೆ?

ಭಾವ: ಸ್ಥಳದ ನಕ್ಷೆ ಎದುರಿಗಿಟ್ಟುಕೊಂಡು ಭಾಗ ಮಾಡುತ್ತೆ. ಕಾರಿನವನದು ಎಪ್ಪತ್ತು, ಬೈಕಿನವನದು ಮೂವತ್ತು. ಇದನ್ನೇ ನಾವು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಅನ್ನೋದು. ಹತ್ತು ಲಕ್ಷ ಬರಬೇಕಾದಲ್ಲಿ ಏಳು ಬರುತ್ತೆ. ಇದರಲ್ಲೂ ವಿಮಾ ಕಂಪನಿಗಳು ಬೈಕಿನವನ ಮೈಮೇಲೆ ಏನೆಲ್ಲಾ ಹೊರಿಸೋದಕ್ಕೆ ನೋಡ್ತವೆ. ದೆಹಲಿಯ ಒಂದು ಕೇಸಲ್ಲಿ ಬೈಕಲ್ಲಿ ಮೂರು ಜನ ಹೋಗ್ತಿದ್ರು, ಹಿಂದಿನಿಂದ ಕಾರು ಗುದ್ದಿತ್ತು. ತ್ರಿಬ್ಬಲ್ ರೈಡಿಂಗ್ ಅಂತ ಹೇಳಿ ಹೈಕೋರ್ಟು ಪರಿಹಾರದಲ್ಲಿ ಕಡಿತ ಮಾಡಿತ್ತು. 2020ರ ಜನವರೀಲಿ ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕಿತು. ಮೂರು ಜನ ಹೋಗೋದು ಕಾನೂನು ಮುರಿದ ಹಾಗೆ, ನಿಜ. ಆದರೆ ಅಪಘಾತ ಅದರಿಂದಲೇ ಆಯ್ತು ಅಂತ ತೋರಿಸದೆ ಸತ್ತವನ ಪಾಲು ಕತ್ತರಿಸೋ ಹಾಗಿಲ್ಲ ಅಂತ.

ಭಾಮೈದ: ನ್ಯಾಯವಾಗೇ ಇದೆ.

ಭಾವ: ನ್ಯಾಯ ಇದೆ. ಆದ್ರೆ ಅದು ಆದ್ಮೇಲಿನ ನ್ಯಾಯ. ಜನ ಏನು ಮಾಡ್ತಾರೆ ಅಂದ್ರೆ, ಆ ಎಪ್ಪತ್ತು ಮೂವತ್ತನ್ನ ರಸ್ತೆಗೂ ಹೊತ್ತುಕೊಂಡು ಬರ್ತಾರೆ. 'ಅವನು ಇಂಡಿಕೇಟರ್ ಹಾಕಬೇಕಿತ್ತು, ನಾನ್ಯಾಕೆ ನಿಧಾನ ಮಾಡ್ಲಿ?' 'ಅವನು ಎಡಗಡೆಯಿಂದ ನುಗ್ಗಬಾರದಿತ್ತು, ನಾನ್ಯಾಕೆ ಕನ್ನಡಿ ನೋಡ್ಲಿ?' ಇಬ್ಬರೂ ಇನ್ನೊಬ್ಬನ ಪಾಲನ್ನ ಕಳೆದು ಉಳಿದದ್ದಷ್ಟೇ ತಮ್ಮ ಕೆಲಸ ಅಂತ ತಿಳ್ಕೊಂಡಿದ್ದಾರೆ. ಮದ್ದೂರಿನವನು ಪೂರ್ತಿ ನೋಡಬೇಕಿತ್ತು. ನೀನು ಪೂರ್ತಿ ನಿಧಾನ ಮಾಡಬೇಕಿತ್ತು. ಅಲ್ಲಿ ಭಾಗಾಕಾರ ಇಲ್ಲ.

ಭಾಮೈದ: ಕೇಳೋದಕ್ಕೆ ಚೆನ್ನಾಗಿದೆ. ಆದ್ರೆ 'ಇಬ್ಬರದೂ ಜವಾಬ್ದಾರಿ' ಅನ್ನೋ ಮಾತು ಕಾರಿನವರ ಬಾಯಲ್ಲೇ ಯಾಕೆ ಜಾಸ್ತಿ ಬರುತ್ತೆ ಅಂತ ಯೋಚನೆ ಮಾಡಿ. ನಿಮ್ಮ ಗಾಡಿ ಸಾವಿರಕ್ಕೂ ಹೆಚ್ಚು ಕೆಜಿ, ನಂದು ಇನ್ನೂರರ ಒಳಗೆ. ನೀವು ತಪ್ಪು ಮಾಡಿದ್ರೂ ಆಸ್ಪತ್ರೆಗೆ ನಾನು, ನಾನು ತಪ್ಪು ಮಾಡಿದ್ರೂ ನಾನೇ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದೀಲಿ ರಸ್ತೇಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಪಾಲು ದ್ವಿಚಕ್ರದವರು.

ಭಾವ: ಅದೇ ವರದೀಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅದನ್ನೂ ಓದು.

ಭಾಮೈದ: ಓದಿದ್ದೀನಿ. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715; ಅದರಲ್ಲಿ ಸರಿಸುಮಾರು ಅರ್ಧ ಡ್ರೈವರುಗಳು, ಇನ್ನರ್ಧ ಜೊತೇಲಿ ಕೂತಿದ್ದವರು. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ ಅಂತ ವಕೀಲರ ಮನೇಲಿ ಗೊತ್ತಾ?

ಅಕ್ಕ: ನನ್ನ ಯಾಕೋ ನೋಡ್ತೀಯ? ಇವರು ಸೀಟ್ ಕವರ್ ಹಾಕಿಸುವಾಗ ಬಕಲ್ ಎಲ್ಲಾ ಒಳಗೆ ಸೇರಿಸಿ ಹೊಲಿಸಿಬಿಟ್ಟಿದ್ದಾರೆ.

ಭಾಮೈದ: ಕೇಳಿ ಭಾವ, ಸಾಕ್ಷಿ ನುಡೀತು.

ಭಾವ: ಬಿಚ್ಚಿಸ್ತೀನಿ. ನಿನ್ನ ಹೆಲ್ಮೆಟ್ ವಿಷಯಕ್ಕೆ ಬಾ. ಪಟ್ಟಿ ಬಿಗೀತೀಯಾ, ಇಲ್ಲ ಪೊಲೀಸ್ ಕಂಡಾಗ ಮಾತ್ರ ಗಲ್ಲಕ್ಕೆ ಸಿಕ್ಕಿಸ್ತೀಯಾ?

ಭಾಮೈದ: ಬಿಗೀತೀನಿ. ಒಳಗಿರೋ ಥರ್ಮೋಕೋಲ್ ನಮ್ಮ ತಲೆ ಬದಲು ತಾನು ಜಜ್ಜಿಹೋಗೋದಕ್ಕೆ ಇರೋದು, ಒಂದೇ ಸಲ ಕೆಲಸಕ್ಕೆ ಬರುತ್ತೆ. ಪಟ್ಟಿ ಹಾಕದಿದ್ರೆ ಹೆಲ್ಮೆಟ್ ಮೊದಲು ಹಾರುತ್ತೆ, ತಲೆ ಆಮೇಲೆ ನೆಲಕ್ಕೆ ಬೀಳುತ್ತೆ. ರಸ್ತೆ ಬದೀಲಿ ಟೋಪಿ ಥರ ಮಾರ್ತಾರಲ್ಲ, ಅದರಲ್ಲಿ ಥರ್ಮೋಕೋಲೇ ಇರಲ್ಲ. 2021ರ ಜೂನಿಂದ ಐಎಸ್‌ಐ ಗುರುತಿಲ್ಲದ್ದನ್ನ ತಯಾರಿಸೋದೂ ಮಾರೋದೂ ಅಪರಾಧ, ಆದ್ರೂ ಮಾರ್ತಾನೇ ಇದ್ದಾರೆ. ಬೇಕಾದ್ರೆ ನಮ್ಮವರನ್ನೂ ಬೈತೀನಿ. ಕನ್ನಡಿ ಬಿಚ್ಚಿ ಮನೇಲಿಟ್ಟು ಗಾಡಿ ಓಡಿಸ್ತಾರೆ, ಚಂದ ಕಾಣಲ್ವಂತೆ. ಮಗೂನ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಎಪ್ಪತ್ತರಲ್ಲಿ ಹೋಗ್ತಾರೆ. ನಾಲ್ಕು ವರ್ಷದೊಳಗಿನ ಮಗು ಜೊತೇಲಿದ್ರೆ 40 ದಾಟೋ ಹಾಗಿಲ್ಲ, ಮಗೂಗೂ ಹೆಲ್ಮೆಟ್ ಬೇಕು ಅಂತ ನಿಯಮ ಬಂದಾಗಿದೆ. ಯಾರಿಗೆ ಗೊತ್ತು?

ಅಕ್ಕ: ನನ್ನ ಸ್ಕೂಟರಿಂದ ಬೀಳಿಸಿದ್ದು ವೇಗ ಅಲ್ಲ ಕಣೋ, ಬಾಗಿಲು. ದೇವರಾಜ ಅರಸ್ ರಸ್ತೇಲಿ ಕಾರು ನಿಂತಿತ್ತು, ಪಕ್ಕದಲ್ಲಿ ಹೋಗ್ತಿದ್ದೆ, ಪಟ್ ಅಂತ ತೆಗೆದ್ರು. ಇಳಿದು ಬಂದು 'ನಿಧಾನಕ್ಕೆ ಬರೋದಲ್ವಾ ಮೇಡಂ' ಅಂದ್ರು. ನಾನು ಇಪ್ಪತ್ತರಲ್ಲಿ ಇದ್ದೆ.

ಭಾಮೈದ: ಅದಕ್ಕೆ ಖರ್ಚಿಲ್ಲದ ಉಪಾಯ ಒಂದಿದೆ. ನೆದರ್ಲೆಂಡ್ಸ್‌ನಲ್ಲಿ ಕಲಿಸೋದು. ಬಾಗಿಲಿಗೆ ದೂರದಲ್ಲಿರೋ ಕೈಯಲ್ಲಿ ಬಾಗಿಲು ತೆಗೀಬೇಕು. ಡ್ರೈವರು ಬಲಗಡೆ ಕೂತಿರ್ತಾರೆ, ಎಡಗೈ ಚಾಚಿ ಬಾಗಿಲು ತೆಗೀಲಿ. ಕೈ ಅಲ್ಲಿಗೆ ಹೋಗಬೇಕಾದ್ರೆ ಭುಜ ತಿರುಗಲೇಬೇಕು, ಭುಜದ ಹಿಂದೆ ಮುಖ ತಿರುಗುತ್ತೆ, ಹಿಂದಿನಿಂದ ಬರೋರು ಕಾಣ್ತಾರೆ. ನೆನಪಿಟ್ಟುಕೊಂಡು ನೋಡೋದು ಬೇಕಾಗಿಲ್ಲ, ಮೈಯೇ ನೋಡಿಸುತ್ತೆ. ಬ್ರಿಟನ್ನಿನವರು 2022ರಲ್ಲಿ ಅವರ ಹೈವೇ ಕೋಡಿಗೂ ಸೇರಿಸಿದ್ರು. ಎಡಗಡೆ ಇಳಿಯೋರು ಬಲಗೈಲಿ.

ಭಾವ: (ಕುಳಿತಲ್ಲೇ ಎಡಗೈ ಬಲಕ್ಕೆ ಚಾಚಿ) ಹೊಟ್ಟೆ ಅಡ್ಡ ಬರುತ್ತೆ.

ಅಕ್ಕ: ಅದಕ್ಕೂ ಉಪಾಯ ಇದೆ. ನಾಳೆಯಿಂದ ರಾಗಿ ಮುದ್ದೆ ಒಂದೇ.

ಭಾಮೈದ: ನನಗೆ ಬೇಜಾರಾಗೋದು ಇದು ಭಾವ. ನಮ್ಮ ಕಡೆ ಕಾರಿರೋ ಬಹಳ ಜನ ಒಂದು ಕಾಲಕ್ಕೆ ಬೈಕ್ ಓಡಿಸಿದವರೇ. ನೀವೂ ಮದುವೆ ಕಾಲಕ್ಕೆ ಯೆಜ್ಡಿ ಇಟ್ಕೊಂಡಿದ್ರಿ, ಅದೂ ಮೈಸೂರಲ್ಲೇ ತಯಾರಾದ ಗಾಡಿ. ಯುರೋಪಿನ ಐದು ದೇಶಗಳ 921 ಅಪಘಾತಗಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಬೈಕ್ ಲೈಸೆನ್ಸೂ ಇರೋ ಕಾರು ಡ್ರೈವರುಗಳು ಬೈಕಿಗೆ ಗುದ್ದೋ ಅಪಘಾತಕ್ಕೆ ಕಾರಣರಾಗೋದು ಕಮ್ಮಿ ಅಂತ ಕಂಡಿದೆ. ಅವರಿಗೆ ಬೈಕು ಎಲ್ಲಿಂದ ಬರಬಹುದು ಅಂತ ಗೊತ್ತಿರುತ್ತೆ. ನಮ್ಮಲ್ಲಿ ಎಸಿ ಹಾಕಿ ಗಾಜು ಏರಿಸಿದ ದಿನವೇ ಮಳೇಲಿ ನೆಂದದ್ದು, ಬಸ್ಸಿನ ಹೊಗೆ ಕುಡಿದದ್ದು ಎಲ್ಲಾ ಮರೆತುಹೋಗುತ್ತೆ. 'ಈ ಬೈಕಿನವರು' ಅಂತ ಶುರು.

ಭಾವ: ಇರಬಹುದು. ಮರೆತಿಲ್ಲ ಅಂತ ಹೇಳಲ್ಲ. ಆದ್ರೆ ನನ್ನನ್ನ ನಿಜವಾಗಿ ಕಾಡೋದು ಇದ್ಯಾವುದೂ ಅಲ್ಲ. ಗುದ್ದಿ ಓಡಿಹೋಗೋದು.

ಭಾಮೈದ: ನಿಂತ್ರೆ ಜನ ಹೊಡೀತಾರೆ ಅಂತ ಭಯ.

ಭಾವ: ಆ ಭಯ ಕಾನೂನು ಬರೆದವರಿಗೂ ಗೊತ್ತಿತ್ತು. ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ನೋಡು. ಗಾಯ ಆದವನಿಗೆ ಚಿಕಿತ್ಸೆ ಸಿಗೋ ಹಾಗೆ ಮಾಡೋದು ಡ್ರೈವರಿನ ಕರ್ತವ್ಯ; ಜನರ ಗುಂಪಿನ ರೋಷದಿಂದ ಅದು ಸಾಧ್ಯವಾಗದೆ ಹೋದ್ರೆ ಅಷ್ಟಕ್ಕೆ ವಿನಾಯಿತಿ. 1988ರ ಕಾಯ್ದೇಲಿ ಗುಂಪಿನ ರೋಷಕ್ಕೂ ಜಾಗ ಕೊಟ್ಟಿದ್ದಾರೆ, ನಮ್ಮ ರಸ್ತೆಗಳ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಲು ನಾನು ಓದಿಲ್ಲ. ಆದ್ರೆ ವಿನಾಯಿತಿ ಅಲ್ಲಿಗೆ ಮುಗೀತು. ಜನ ಸೇರಿದ್ರು, ಹೆದರಿದೆ, ಗಾಡಿ ಎತ್ತಿದೆ. ಸರಿ, ನೇರ ಠಾಣೆಗೆ ಹೋಗು. 24 ಗಂಟೆಯೊಳಗೆ ತಿಳಿಸಲೇಬೇಕು. ಇವರು ಠಾಣೆಗೆ ಹೋಗಲ್ಲ, ಬಂಪರ್ ರಿಪೇರಿಗೆ ಹೋಗ್ತಾರೆ.

ಭಾಮೈದ: ಸಿಕ್ಕಿಬೀಳೋದಕ್ಕಿಂತ ವಾಸಿ ಅಂತ.

ಭಾವ: ಅಲ್ಲೇ ಲೆಕ್ಕ ತಪ್ಪೋದು. ಅವನ ಹತ್ರ ಥರ್ಡ್ ಪಾರ್ಟಿ ವಿಮೆ ಇರುತ್ತೆ. ನಿಂತಿದ್ರೆ ಸತ್ತವನ ಹೆಂಡತಿಗೆ ದುಡ್ಡು ಕೊಡೋದು ವಿಮಾ ಕಂಪನಿ; ಗಂಡನ ವಯಸ್ಸು, ಸಂಪಾದನೆ ನೋಡಿ ಟ್ರಿಬ್ಯೂನಲ್ ಹತ್ತೋ ಇಪ್ಪತ್ತೋ ಲಕ್ಷ ಕೊಡಿಸುತ್ತೆ. ಅವನ ಕೈಯಿಂದ ಹೋಗೋದು ಬಹಳ ಕಮ್ಮಿ. ಓಡಿಹೋದ, ನಂಬರ್ ಸಿಗ್ಲಿಲ್ಲ ಅಂದ್ರೆ ಆಕೆಗೆ ಸಿಗೋದು ಹಿಟ್ ಅಂಡ್ ರನ್ ಯೋಜನೆಯ ಎರಡು ಲಕ್ಷ. ಅದೂ 2022ರ ಏಪ್ರಿಲಿಂದ ಆದದ್ದು. ತನ್ನ ಜೇಬಿನದಲ್ಲದ ದುಡ್ಡನ್ನ ಉಳಿಸೋದಕ್ಕೆ ಒಂದು ಸಂಸಾರಾನ ಬೀದಿಗೆ ಹಾಕಿ ಹೋಗ್ತಾನೆ. ಇಂಥ ಒಂದು ಫೈಲ್ ನನ್ನ ಮೇಜಿನ ಮೇಲೆ ಈಗಲೂ ಇದೆ. ಸಾಕ್ಷಿ ಯಾರೂ ಇಲ್ಲ. ಬಿಳೀ ಕಾರು ಅಂತಷ್ಟೇ ಇದೆ. ಮೈಸೂರಲ್ಲಿ ಎಷ್ಟು ಬಿಳೀ ಕಾರು ಇವೆ?

ಭಾಮೈದ: ನೋಡಿದವರಾದ್ರೂ ನಿಲ್ಲಬೇಕಿತ್ತು.

ಭಾವ: ಪೊಲೀಸು, ಕೋರ್ಟು ಅಂತ ಅಲೆಸ್ತಾರೆ ಅನ್ನೋ ಹೆದರಿಕೆ. ಸಹಾಯ ಮಾಡಿದವರಿಗೆ ರಕ್ಷಣೆ ಕೊಡೋ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. 2016ರಲ್ಲಿ ವಿಧಾನಮಂಡಲದಲ್ಲಿ ಆಯ್ತು, 2018ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಆಸ್ಪತ್ರೆಗೆ ಸೇರಿಸಿದವನು ಹೆಸರು ಹೇಳ್ಲೇಬೇಕು ಅಂತಿಲ್ಲ, ಹೊರಟುಹೋಗಬಹುದು. ಮಾಡಿದ್ದು ನಾವೇ, ಕೇಳಿದ್ರೆ ಊರಿಗೆಲ್ಲಾ ಹೊಸ ಸುದ್ದಿ.

ಭಾಮೈದ: ಸರಿ, ನಿಮ್ಮದೊಂದು ದೂರು ಹೇಳಿ. ಬೈಕಿನವರ ಮೇಲೆ. ಒಂದೇ.

ಭಾವ: ಎಡಗಡೆಯಿಂದ ಬರೋದು. ಎಡಕ್ಕೆ ತಿರುಗೋದಕ್ಕೆ ಇಂಡಿಕೇಟರ್ ಹಾಕಿರ್ತೀನಿ, ಸ್ಟೇರಿಂಗ್ ತಿರುಗಿಸಿರ್ತೀನಿ, ಆ ಸಂದೀಲಿ ಒಬ್ಬ ತೂರಿಕೊಂಡು ಬರ್ತಾನೆ. ಕನ್ನಡೀಲಿ ಇರಲ್ಲ, ಕಿಟಕೀಲಿ ಇರ್ತಾನೆ.

ಭಾಮೈದ: ಅದು ತಪ್ಪೇ. ತಿರುಗ್ತಿರೋ ಗಾಡಿಯ ಎಡಕ್ಕೆ ಹೋಗಬಾರದು. ನಾನು ಕಾರಿನವರ ಮುಖ ನೋಡೋದನ್ನೇ ಬಿಟ್ಟಿದ್ದೀನಿ, ಮುಂದಿನ ಚಕ್ರ ನೋಡ್ತೀನಿ. ಮುಖ ಸುಳ್ಳು ಹೇಳಬಹುದು, ಇಂಡಿಕೇಟರ್ ಮರೆತಿರಬಹುದು, ಚಕ್ರ ತಿರುಗದೆ ಕಾರು ತಿರುಗಲ್ಲ. ಆದ್ರೆ ಸಿಗ್ನಲ್ಲಲ್ಲಿ ನಿಂತಾಗ ಸಂದೀಲಿ ಮುಂದಕ್ಕೆ ಹೋಗೋದನ್ನ ಮಾತ್ರ ಬಿಡು ಅನ್ನಬೇಡಿ.

ಭಾವ: ಯಾಕೆ ಅನ್ನಬಾರದು? ಸಾಲಲ್ಲಿ ನಿಲ್ಲು.

ಭಾಮೈದ: ಕಾರಿನ ಹಿಂದೆ ನಿಂತ್ರೆ ನನ್ನ ಬೆನ್ನ ಹಿಂದೆ ಬಸ್ಸು. ಅವನು ಬ್ರೇಕ್ ಹಾಕೋದು ಅರೆಗಳಿಗೆ ತಡವಾದ್ರೆ ನಾನು ನಿಮ್ಮ ಡಿಕ್ಕಿಯೊಳಗೆ. ಮುಂದೆ ಹೋಗಿ ಗೆರೆ ಹತ್ರ ನಿಂತ್ರೆ ಎಲ್ಲರಿಗೂ ಕಾಣ್ತೀನಿ.

ಭಾವ: ಹೋಗೋ ದಾರೀಲಿ ನಾಲ್ಕು ಕಾರಿನ ಬಣ್ಣ ಕೆರೆದು ಹೋಗ್ತೀಯಲ್ಲ.

ಭಾಮೈದ: ಸಾಲಿನಲ್ಲಿ ನೆಟ್ಟಗೆ ನಿಂತಿದ್ರೆ ಯಾಕೆ ಕೆರೀತೀನಿ? ಒಬ್ಬ ಎಡಕ್ಕೆ ಮೂತಿ ಹಾಕಿರ್ತಾನೆ, ಇನ್ನೊಬ್ಬ ಬಲಕ್ಕೆ.

ಭಾವ: ನಮ್ಮ ಸಿಗ್ನಲ್ಲುಗಳಲ್ಲಿ ಬೈಕಿಗೆ ಅಂತ ಬೇರೆ ಜಾಗ ಗೀಚಿ ಕೊಡೋವರೆಗೂ ಈ ಜಗಳ ತೀರಲ್ಲ. ಆಗ್ಲಿ, ನಾನು ಎಡಗಡೆ ಒಂದು ಮೊಳ ಜಾಗ ಬಿಟ್ಟು ನಿಲ್ತೀನಿ. ನೀನು ಕಾಲೂರಿಕೊಂಡು, ಆಳು ನಡೆದ ಹಾಗೆ ಬಾ.

ಭಾಮೈದ: ಕನ್ನಡಿಗೆ ಹ್ಯಾಂಡಲ್ ತಾಗಿದ್ರೆ?

ಭಾವ: ಮಡಚಿ, ಮತ್ತೆ ಬಿಡಿಸಿಟ್ಟು ಹೋಗು.

ಭಾಮೈದ: ಬೈಯಲ್ವಾ?

ಭಾವ: ಬೈತೀನಿ. ಗಾಜು ಇಳಿಸಲ್ಲ, ಅಷ್ಟೇ.